ಕಾಗೆಯಿಲ್ಲದ ನೀರು

“ಗುರುಗಳೆ, ಕೊಟ್ಟದ್ದು ಮುಟ್ಟಿತೋ ಇಲ್ಲವೋ ಎಂದು ಕೊಟ್ಟವನು ತಿಳಿಯುವುದು ಹೇಗೆ?”

ಕೇಳಿದವನು ಮೋನಪ್ಪ. ಹೊಳೆ ಸಮುದ್ರ ಸೇರುವ ಅಳಿವೆಯ ಬದಿಯಲ್ಲಿ ಒಂದು ಸಣ್ಣ ಮಠವಿತ್ತು. ಅಲ್ಲಿಗೆ ಅವನು ಬಂದು ಒಂದು ವರ್ಷವಾಗಿತ್ತು. ಅದಕ್ಕೆ ಮೊದಲು ಅವನು ದೋಣಿ ಕಟ್ಟುವ ಆಚಾರಿ. ಅಣ್ಣ ಕಾಳಪ್ಪನ ಜೊತೆ ಹದಿನೆಂಟು ವರ್ಷ ಹಲಗೆಗೆ ಹಲಗೆ ಕೂಡಿಸಿದವನು. ತೀರಿಹೋದ ತಂದೆಯ ಮರ ಕೆತ್ತುವ ಬಾಚಿ ಯಾರ ಕೈಗೆ ಎಂಬ ಮಾತಿಗೆ ಜಗಳ ಹುಟ್ಟಿತು. “ನಿನ್ನ ಹೆಣಕ್ಕೂ ಬರುವುದಿಲ್ಲ” ಎಂದು ಅಣ್ಣನ ಮುಖಕ್ಕೆ ಹೇಳಿ ಮನೆ ಬಿಟ್ಟು ಬಂದ. ಮಾತೂ ಬಾಚಿಯ ಏಟಿನ ಹಾಗೆಯೇ. ಬಿದ್ದ ಮೇಲೆ ಮರ ಮೊದಲಿನ ಮರವಲ್ಲ.

ಈಗ ಅವನ ಕೈಯಲ್ಲಿ ಒಂದು ಜೋಡಿ ಕಾರ್ಡು ಇತ್ತು. ಅಂಚೆಯವರು ಮಾರುತ್ತಿದ್ದ ಈ ಕಾರ್ಡನ್ನು ನೋಡಿದವರು ನೋಡಿರುತ್ತಾರೆ. ಎರಡು ಕಾರ್ಡು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಒಂದರಲ್ಲಿ ನಾವು ಬರೆಯಬೇಕು. ಇನ್ನೊಂದರ ಮೇಲೆ ನಮ್ಮದೇ ವಿಳಾಸ ಬರೆದು ಖಾಲಿ ಬಿಡಬೇಕು. ತಲುಪಿದವರು ಆ ಅರ್ಧವನ್ನು ಹರಿದು, ಉತ್ತರ ಗೀಚಿ, ಡಬ್ಬಿಗೆ ಹಾಕಿದರಾಯಿತು. ಉತ್ತರ ಬರೆಯದವನಿಗೆ ಬರೆಯಲು ಕಾರ್ಡಿರಲಿಲ್ಲ ಎಂಬ ನೆಪ ಇರಬಾರದು ನೋಡಿ, ಅದಕ್ಕೇ ಈ ಏರ್ಪಾಡು.

ಮೋನಪ್ಪ ಅಣ್ಣನಿಗೆ ಇಂಥ ಒಂಬತ್ತು ಜೋಡಿ ಕಾರ್ಡು ಕಳಿಸಿದ್ದ. ಒಂದರ ಅರ್ಧವೂ ತಿರುಗಿ ಬಂದಿರಲಿಲ್ಲ. ದಿನಾ ಮಧ್ಯಾಹ್ನ ಅಂಚೆಯವನ ಸೈಕಲ್ಲು ಮಠದ ಮುಂದೆ ನಿಲ್ಲದೆ ಹೋಗುವುದನ್ನು ನೋಡಿ ಅವನಿಗೆ ಊಟ ರುಚಿಸುತ್ತಿರಲಿಲ್ಲ. ಇದು ಹತ್ತನೆಯದು.

“ಏನು ಬರೆದಿದ್ದೀ?” ಎಂದರು ಗುರುಗಳು.

ಮೋನಪ್ಪ ಓದಿದ. “‘ಅಣ್ಣನ ಪಾದಗಳಿಗೆ ತಮ್ಮ ಮೋನಪ್ಪನ ನಮಸ್ಕಾರ. ಅವತ್ತು ಆಡಿದ ಮಾತು ತಪ್ಪಾಯಿತು. ಕ್ಷಮಿಸಿದ್ದೇನೆ ಎಂದು ಇದರ ಜೊತೆಗಿರುವ ಕಾರ್ಡಿನಲ್ಲಿ ಬರೆದು ಕಳಿಸುವುದು.’ ಇಷ್ಟೇ ಗುರುಗಳೆ. ಒಂಬತ್ತರಲ್ಲೂ ಇದನ್ನೇ ಬರೆದೆ. ಇದಕ್ಕೂ ಉತ್ತರ ಬರದಿದ್ದರೆ ಇಲ್ಲಿಗೆ ಮುಗಿಯಿತು. ಇನ್ನು ಬರೆಯುವುದೂ ಇಲ್ಲ, ಆ ಊರಿನ ದಿಕ್ಕಿಗೆ ತಲೆ ಹಾಕುವುದೂ ಇಲ್ಲ. ನನಗೆ ಅಣ್ಣನೇ ಇರಲಿಲ್ಲ ಎಂದುಕೊಳ್ಳುತ್ತೇನೆ.”

ಗುರುಗಳು ಕಾರ್ಡನ್ನು ತೆಗೆದುಕೊಂಡು, ಬರೆದ ಬದಿ ನೋಡಿದರು, ಬರೆಯದ ಬದಿಯನ್ನೂ ನೋಡಿದರು. ಹಿಂದಕ್ಕೆ ಕೊಟ್ಟರು. ಆಮೇಲೆ ಸಂಬಂಧವೇ ಇಲ್ಲದ ಒಂದು ಮಾತು ಕೇಳಿದರು.

“ಬೊಂಡಾಸ ನೋಡಿದ್ದೀಯಲ್ಲ?”

ಕರಾವಳಿಯವನು ಬೊಂಡಾಸ ನೋಡಿರುವುದಿಲ್ಲವೇ? ಮೀನುಪೇಟೆಯಲ್ಲಿ ಬುಟ್ಟಿ ತುಂಬ ಬಿದ್ದಿರುತ್ತದೆ. ಮೈಯೆಲ್ಲ ಒಂದು ಚೀಲ, ತಲೆಯಿಂದಲೇ ಹೊರಟ ಹತ್ತು ಕೈ, ಹೊಟ್ಟೆಯಲ್ಲಿ ಮಸಿ. ಮೋನಪ್ಪ ತಲೆಯಾಡಿಸಿದ.

“ಹಾವಿನಲ್ಲಿ ಹೆಬ್ಬಾವು ಇದ್ದಹಾಗೆ ಬೊಂಡಾಸದಲ್ಲಿ ಹೆಬ್ಬೊಂಡಾಸ ಇದೆ. ಅದರ ಕತೆ ಹೇಳುತ್ತೇನೆ, ಕೂತುಕೋ” ಎಂದು ಗುರುಗಳು ಗೋಡೆಗೆ ಒರಗಿದರು. ಮೋನಪ್ಪನಿಗೆ ಮನಸ್ಸಿರಲಿಲ್ಲ. ಅಂಚೆ ಡಬ್ಬಿ ತೆಗೆಯುವುದು ನಾಲ್ಕು ಗಂಟೆಗೆ. ಆದರೂ ಕಾರ್ಡನ್ನು ತೊಡೆಯ ಮೇಲಿಟ್ಟುಕೊಂಡು ಕೂತ.

ಗುರುಗಳು ಹೇಳಿದ ಕತೆ ಇದು.

ಕಡಲ ಕರೆಯ ಒಂದು ಊರಿನಲ್ಲಿ ಅಣ್ಣ ತಮ್ಮ ಇಬ್ಬರು ಮೀನುಗಾರರಿದ್ದರು. ಒಂದೇ ಹಾಯಿದೋಣಿ. ಅಣ್ಣ ಗಾಳ ಬಿಡುವವನು, ತಮ್ಮ ಚುಕ್ಕಾಣಿ ಹಿಡಿಯುವವನು. ಹತ್ತಿರದ ನೀರಿನಲ್ಲಿ ಹತ್ತು ಜನ ಬಲೆ ಹಾಕುತ್ತಾರೆ ಎಂದು ಇವರು ಪಡುವಣಕ್ಕೆ ಎರಡು ಹಗಲು ಹಾಯಿಯಿಟ್ಟು ಹೋಗುತ್ತಿದ್ದರು. ಅಲ್ಲಿ ಸಮುದ್ರದ ನೆಲ ಮೆಟ್ಟಿಲು ಇಳಿದ ಹಾಗೆ ಇಳಿದುಬಿಡುತ್ತದೆ. ನೀರಿನ ಬಣ್ಣ ಹಸಿರು ಹೋಗಿ ಕಪ್ಪಾಗುತ್ತದೆ.

ಒಂದು ಸಲ ಹೊರಡುವಾಗ ತಮ್ಮ ಉಪ್ಪಿನ ಗಡಿಗೆಯನ್ನು ದಡದಲ್ಲೇ ಮರೆತ. ಕಪ್ಪು ನೀರಿನ ಮೇಲೆ ಗಂಜಿ ಬೇಯಿಸಿ ಬಾಯಿಗಿಟ್ಟಾಗ ಗೊತ್ತಾಯಿತು. ಅಣ್ಣ ನಗುತ್ತಲೇ ಅಂದ: “ಇಷ್ಟು ದೊಡ್ಡ ಉಪ್ಪುನೀರಿನ ನಡುವೆ ಕೂರಿಸಿ ಸಪ್ಪೆ ಗಂಜಿ ಕುಡಿಸಿದ ಮೊದಲನೆಯವನು ನೀನೇ ಕಾಣು, ತಮ್ಮಾ.”

ಬೇರೆ ದಿನವಾಗಿದ್ದರೆ ತಮ್ಮನೂ ನಗುತ್ತಿದ್ದ. ಅವತ್ತು ನಗಲಿಲ್ಲ. ಬಟ್ಟಲನ್ನು ಕೆಳಗಿಟ್ಟು, ಅಣ್ಣನಿಗೆ ಬೆನ್ನು ಮಾಡಿ, ಚುಕ್ಕಾಣಿ ಹಿಡಿದು ಕೂತ. ಮಾತು ಬಿಟ್ಟ. ಎರಡಾಳಿನ ದೋಣಿಯಲ್ಲಿ ಒಬ್ಬ ಮಾತು ಬಿಟ್ಟರೆ ಇನ್ನೊಬ್ಬ ಗಾಳಿಯ ಜೊತೆ ಮಾತಾಡಬೇಕು. ಅಣ್ಣ ಸ್ವಲ್ಪ ಹೊತ್ತು ಏನೋ ಹಾಡಿಕೊಂಡ, ಅದೂ ನಿಂತಿತು.

ಮಧ್ಯಾಹ್ನದ ಹೊತ್ತಿಗೆ ಗಾಳಿ ತಿರುಗಿತು. ಹಾಯಿಯ ಅಡ್ಡಮರ ಒಂದು ಬದಿಯಿಂದ ಇನ್ನೊಂದು ಬದಿಗೆ ಬೀಸಿದ್ದು ತಮ್ಮನಿಗೆ ಗೊತ್ತಾಯಿತು. “ತಮ್ಮಾ” ಎಂದು ಅಣ್ಣ ಕರೆದದ್ದೂ ಕೇಳಿಸಿತು. ಮಾತಾಡಿಸಲು ಕರೆಯುತ್ತಿದ್ದಾನೆ ಎಂದು ತಮ್ಮ ತಿಳಿದ. ಕರೆಯಲಿ, ಮೂರು ಸಲ ಕರೆದ ಮೇಲೆ ತಿರುಗುತ್ತೇನೆ ಎಂದುಕೊಂಡ. ಎರಡನೆಯ ಕರೆ ಬರಲಿಲ್ಲ. ತಿರುಗಿ ನೋಡಿದಾಗ ದೋಣಿಯಲ್ಲಿ ಅವನೊಬ್ಬನೇ ಇದ್ದ.

ಅಲ್ಲೇ ಸಂಜೆಯವರೆಗೆ ಸುತ್ತಿದ. ಕೂಗಿದ. ನೀರು ನೀರಾಗಿಯೇ ಇತ್ತು.

ಹನ್ನೊಂದನೆಯ ದಿನ ದಡದಲ್ಲಿ ಅಣ್ಣನ ಹೆಸರಿನಲ್ಲಿ ಎಡೆಯಿಟ್ಟರು. ಕಾಗೆ ಮುಟ್ಟಲಿಲ್ಲ. ತೆಂಗಿನ ಮರದ ಮೇಲೆ ನಾಲ್ಕು ಕಾಗೆ ಕೂತಿದ್ದವು. ಕತ್ತು ಓರೆ ಮಾಡಿ ನೋಡಿದವು. ಒಂದು ಹಾರಿ ಬಂದು, ಎಲೆಯ ಸುತ್ತ ಎರಡು ಹೆಜ್ಜೆ ನಡೆದು, ಏನೋ ನೆನಪಾದ ಹಾಗೆ ಹಾರಿಹೋಯಿತು. ತಮ್ಮ ಕೈಮುಗಿದು, ಮೀಸೆ ಬೋಳಿಸುತ್ತೇನೆ ಎಂದ, ಹೊಗೆಸೊಪ್ಪು ಬಿಡುತ್ತೇನೆ ಎಂದ. ಇಂಥ ಹೊತ್ತಿನಲ್ಲಿ ಜನ ಏನೇನು ಬಿಡುತ್ತೇವೆ ಎನ್ನುವುದಿಲ್ಲ! ಕಾಗೆಗಳು ಯಾವುದಕ್ಕೂ ಒಪ್ಪಲಿಲ್ಲ.

ಕೇರಿಯಲ್ಲಿ ಒಬ್ಬ ಮುದುಕಿ ಇದ್ದಳು. ಸತ್ತವರ ಕೆಲಸದಲ್ಲಿ ಅವಳ ಮಾತೇ ಕೊನೆ. ಅವಳೆಂದಳು: “ನೀರಿನಲ್ಲಿ ಹೋದವನಿಗೂ ನೆಲದ ಕಾಗೆಗೂ ಏನು ಸಂಬಂಧ? ಅವನಿಗೆ ನೀರಿನಲ್ಲೇ ಎಡೆ ಕೊಡು.”

ಆ ಕರೆಯ ಪದ್ಧತಿ ಹಾಗಿತ್ತು. ಹೆಣ ಸಿಗದವರಿಗೆ ಅಮಾವಾಸ್ಯೆಯ ದಿನ, ಅವರು ಹೋದ ಜಾಗದಲ್ಲಿ, ಅನ್ನ ಮೀನು ಬಿಳಿ ಬಟ್ಟೆಯಲ್ಲಿ ಕಟ್ಟಿ, ಕಲ್ಲು ಸೇರಿಸಿ, ಹಗ್ಗದಲ್ಲಿ ಇಳಿಸುವುದು. ಎಲೆಯಡಿಕೆಯ ಒಂದು ಕವಳ ಜಗಿದು ಮುಗಿಯುವಷ್ಟು ಹೊತ್ತು ಕಾಯುವುದು. ಆಮೇಲೆ ಎಳೆದು ನೋಡುವುದು. ಗಂಟು ಖಾಲಿಯಾಗಿದ್ದರೆ ಸತ್ತವನು ಉಂಡ, ಸಮಾಧಾನವಾದ. ಹಾಗೆಯೇ ಬಂದರೆ ಮುನಿದಿದ್ದಾನೆ. ನಿಜ ಹೇಳಬೇಕೆಂದರೆ ಗಂಟು ಹಾಗೆಯೇ ಬಂದದ್ದನ್ನು ಯಾರೂ ನೋಡಿರಲಿಲ್ಲ. ಅಲ್ಲಿಯವರು ಸಾಯುತ್ತಿದ್ದದ್ದೆಲ್ಲ ಹದಿನೈದು ಇಪ್ಪತ್ತು ಮಾರು ನೀರಿನಲ್ಲಿ. ಏಡಿಗಳಿಗೆ ಒಂದು ಕವಳದ ಹೊತ್ತು ಹೆಚ್ಚೇ ಆಯಿತು. ಏಡಿಗಳ ದಯೆಯಿಂದ ಆ ಕರೆಯಲ್ಲಿ ಮುನಿದ ಸತ್ತವನೇ ಇರಲಿಲ್ಲ.

ಆದರೆ ಈ ಅಣ್ಣ ಹೋದದ್ದು ಕಪ್ಪು ನೀರಿನಲ್ಲಿ. ಅಷ್ಟು ಹಗ್ಗ ಯಾರ ಮನೆಯಲ್ಲೂ ಇಲ್ಲ. ತಮ್ಮ ಮನೆಮನೆಗೆ ಹೋಗಿ ಕೇಳಿದ. ಹತ್ತು ಮಾರು, ಮೂವತ್ತು ಮಾರು, ಬಾವಿಯ ಹಗ್ಗ, ದನದ ಹಗ್ಗ, ಒಬ್ಬಳು ತೊಟ್ಟಿಲಿನದನ್ನೂ ಬಿಚ್ಚಿ ಕೊಟ್ಟಳು. ಎಲ್ಲ ಗಂಟು ಹಾಕಿದಾಗ ನಾನೂರು ಮಾರು ಆಯಿತು. ಇಳಿಸಲು ಒಂದು ಬೆಳಗು ಬೇಕು. ಎಳೆಯಲು ಒಂದು ಮಧ್ಯಾಹ್ನ ಬೇಕು. ನಡುವೆ ಒಂದು ಕವಳ.

ಮೊದಲ ಅಮಾವಾಸ್ಯೆಗೆ ಗಂಟು ಹೋದ ಹಾಗೆಯೇ ಬಂತು. ಅನ್ನದ ಒಂದು ಅಗುಳೂ ಅಲುಗಿರಲಿಲ್ಲ.

ಎರಡನೆಯದಕ್ಕೂ ಹಾಗೆಯೇ. ಮೂರನೆಯದಕ್ಕೂ.

“ಗುರುಗಳೆ, ಅಷ್ಟು ಆಳದಲ್ಲಿ ತಿನ್ನಲು ಯಾರಿರುತ್ತಾರೆ?” ಎಂದ ಮೋನಪ್ಪ. ಅವನು ದೋಣಿಯ ಮನುಷ್ಯ. ಹಗ್ಗದ ಮಾತು ಬಂದ ಕೂಡಲೇ ಅವನ ಕಿವಿ ನೆಟ್ಟಗಾಗಿತ್ತು.

“ಅದಕ್ಕೇ ಹೆಬ್ಬೊಂಡಾಸದ ಕತೆ ಎಂದೆ” ಎಂದರು ಗುರುಗಳು. “ಮೇಲಿನವನ ಕತೆ ಇಷ್ಟಾಯಿತು. ಇನ್ನು ಕೆಳಗಿನದರ ಕತೆ ಕೇಳು.”

ಆ ಜಾಗದ ಕೆಳಗೆ ಒಂದು ಹೆಬ್ಬೊಂಡಾಸ ಇತ್ತು. ಕೈ ಚಾಚಿದರೆ ಏಳು ಮಾರು ಉದ್ದ. ಮೂರು ಹೃದಯ, ನೀಲಿ ರಕ್ತ. ಕಿವಿಯಿಲ್ಲ. ಕಣ್ಣು ಮಾತ್ರ ಊಟದ ತಟ್ಟೆಯಷ್ಟು. ಭೂಮಿಯ ಮೇಲೆ ಇನ್ನಾವ ಪ್ರಾಣಿಗೂ ಅದಕ್ಕಿಂತ ದೊಡ್ಡ ಕಣ್ಣಿಲ್ಲ. ನೋಡುವುದಕ್ಕೆ ಅಲ್ಲಿ ಏನಿದೆ ಎಂದರೆ, ಏನೂ ಇಲ್ಲ. ಸೂರ್ಯ ಎಂಬುದೊಂದು ಇದೆ ಎಂದು ಅದಕ್ಕೆ ಯಾರೂ ಹೇಳಿಲ್ಲ.

ಹಾಗಾದರೆ ಅಷ್ಟು ದೊಡ್ಡ ಕಣ್ಣು ಏತಕ್ಕೆ? ಆ ಕತ್ತಲೆಯಲ್ಲಿ ಧೂಳಿನಂಥ ಸಣ್ಣ ಜೀವಿಗಳಿವೆ. ಅಲುಗಿಸಿದರೆ ಮಿಣುಕುತ್ತವೆ. ತಿಮಿಂಗಿಲ ಮೇಲಿನಿಂದ ಬೊಂಡಾಸವನ್ನು ಹುಡುಕಿಕೊಂಡು ಇಳಿಯುವಾಗ ಅದರ ಮೈ ತಾಗಿ ಅವು ಮಿಣುಕುತ್ತವೆ. ಆ ಮಿಣುಕನ್ನು ದೂರದಿಂದಲೇ ಕಂಡು ಓಡಬೇಕು, ಅದಕ್ಕೆ ಆ ಕಣ್ಣು. ಲೋಕದ ಅತಿ ದೊಡ್ಡ ಕಣ್ಣು ಇರುವುದು ಬರುವ ಸಾವನ್ನು ಸ್ವಲ್ಪ ಮೊದಲೇ ನೋಡಲು.

ಅದು ಹುಟ್ಟಿದಾಗ ಅಕ್ಕಿಕಾಳಿನಷ್ಟಿತ್ತು. ತಾಯಿ ಯಾರೆಂದು ನೋಡಿಲ್ಲ. ಮೊಟ್ಟೆಯಿಟ್ಟ ತಾಯಿ, ಮರಿ ಕಣ್ಣು ಬಿಡುವ ಮೊದಲೇ ಹೋಗಿರುತ್ತದೆ. ತನ್ನ ಜಾತಿಯ ಇನ್ನೊಂದನ್ನು ಅದು ಇನ್ನೂ ಕಂಡಿರಲಿಲ್ಲ. ಸಮುದ್ರ ಅಷ್ಟು ದೊಡ್ಡದು, ಅವು ಅಷ್ಟು ಕಡಿಮೆ. ಕರೆಯಲು ಅದಕ್ಕೆ ದನಿಯಿಲ್ಲ, ಕೇಳಲು ಕಿವಿಯಿಲ್ಲ. ಅದರ ಲೆಕ್ಕದಲ್ಲಿ ಲೋಕದಲ್ಲಿ ಎರಡೇ ಬಗೆ: ತಾನು ತಿನ್ನುವಂಥದು, ತನ್ನನ್ನು ತಿನ್ನುವಂಥದು. ಅದನ್ನೇ ಹುಡುಕಿಕೊಂಡು ಬಂದದ್ದೆಂದರೆ ಈವರೆಗೆ ಒಂದೇ ಒಂದು ತಿಮಿಂಗಿಲ. ಅದರ ಮೋರೆಯ ಮೇಲೆ ತನ್ನ ಕೈಗಳ ಹೀರುಬಟ್ಟಲಿನ ಗುರುತು ಬರೆದು ಇದು ಹೇಗೋ ತಪ್ಪಿಸಿಕೊಂಡಿತ್ತು.

ಹೀಗಿರುವಾಗ ಒಂದು ದಿನ ಮೇಲಿನಿಂದ ಏನೋ ಮಿಣುಕುತ್ತ ಬಂತು.

ತಿಮಿಂಗಿಲ ಎಂದುಕೊಂಡು ಹೆಬ್ಬೊಂಡಾಸ ಓಡಿತು. ದೂರ ಹೋಗಿ ತಿರುಗಿ ನೋಡಿತು. ಬಂದದ್ದು ಅಟ್ಟಿಸಿಕೊಂಡು ಬರಲಿಲ್ಲ. ಬಿಳಿಯ ಸಣ್ಣ ವಸ್ತು. ಸುಮ್ಮನೆ ತೂಗುತ್ತಿತ್ತು. ಸ್ವಲ್ಪ ಹೊತ್ತು ಹಾಗೆಯೇ ಇದ್ದು, ಬಂದ ದಾರಿಯಲ್ಲೇ ಮೇಲೆ ಹೋಯಿತು.

ತಿನ್ನಲು ಬಂದಿರಲಿಲ್ಲ. ಓಡಿಯೂ ಹೋಗಲಿಲ್ಲ. ಹೆಬ್ಬೊಂಡಾಸಕ್ಕೆ ಅರ್ಥವಾಗಲಿಲ್ಲ. ಅರ್ಥವಾಗದ್ದನ್ನು ನೋಡಲು ಅದು ಅಲ್ಲಿಯೇ ಸುಳಿದಾಡತೊಡಗಿತು.

ಎರಡನೆಯ ಸಲ ಅದು ಓಡಲಿಲ್ಲ, ದೂರ ನಿಂತಿತು. ಮೂರನೆಯ ಸಲ ಹತ್ತು ಮಾರು ಹತ್ತಿರ ಬಂತು. ನಾಲ್ಕನೆಯ ಸಲ ಇನ್ನೂ ಹತ್ತಿರ. ಆಳದ ಜೀವಗಳಿಗೆ ಅವಸರವಿಲ್ಲ. ತಣ್ಣನೆ ನೀರಿನಲ್ಲಿ ಎಲ್ಲವೂ ನಿಧಾನ, ಧೈರ್ಯವೂ ನಿಧಾನ. ಐದನೆಯ ಸಲ ಅದು ತನ್ನ ಉದ್ದನೆಯ ಕೈಯನ್ನು ಮೆಲ್ಲಗೆ ಚಾಚಿತು. ಕೈಗೂ ಬಟ್ಟೆಗೂ ನಡುವೆ ಒಂದು ಗೇಣು ಇತ್ತು. ಅಷ್ಟರಲ್ಲಿ ಮೇಲೆ ಒಂದು ಕವಳ ಮುಗಿಯಿತು.

ಆರನೆಯ ಸಲವೂ ಗೇಣು, ಏಳನೆಯ ಸಲ ಬೆರಳು. ಕವಳ ಮುಗಿಯಿತು, ಗಂಟು ಮೇಲೆ ಹೋಯಿತು.

“ನೀವು ಇಳಿದು ನೋಡಿದಿರೇ?” ಎಂದ ಮೋನಪ್ಪ. ಸಣ್ಣಗೆ ನಗುವೂ ಬಂದಿತ್ತು.

“ಕತೆ ಹೇಳುವವನ ಹಗ್ಗ ಅಳೆಯಬಾರದು ಮೋನಪ್ಪ” ಎಂದರು ಗುರುಗಳು. “ಆದರೆ ಸತ್ತು ತೇಲಿ ಬಂದದ್ದೊಂದನ್ನು ಚಿಕ್ಕವನಿದ್ದಾಗ ಈ ಮರಳಿನ ಮೇಲೆ ಕಣ್ಣಾರೆ ಕಂಡಿದ್ದೇನೆ. ಮೈಯೆಲ್ಲ ಮೂಗು ಸುಡುವ ನವಸಾಗರದ ನಾತ. ಹಸಿದ ನಾಯಿಯೂ ಮೂಸಲಿಲ್ಲ. ಕಾಗೆಯೂ ಬರಲಿಲ್ಲ. ಆ ಕಣ್ಣಿನಲ್ಲಿ ಮಾತ್ರ ಇಡೀ ಆಕಾಶ ಕಾಣುತ್ತಿತ್ತು. ಇರಲಿ, ಮೇಲಿನವನ ಹತ್ತಿರ ಹೋಗೋಣ.”

ಏಳು ಅಮಾವಾಸ್ಯೆ ಕಳೆಯುವ ಹೊತ್ತಿಗೆ ಕೇರಿಯೆಲ್ಲ ಒಂದೇ ಮಾತು. ಅಣ್ಣ ಮುನಿದಿದ್ದಾನೆ, ಅದೂ ಅಂಥಿಂಥ ಮುನಿಸಲ್ಲ. ದೋಣಿಯಲ್ಲಿ ಏನು ನಡೆಯಿತೋ ಯಾರಿಗೆ ಗೊತ್ತು ಎಂದು ಒಬ್ಬ ಅಂದ. ಗೊತ್ತಿಲ್ಲ ಎನ್ನುವ ಮಾತಿಗೆ ಕಾಲು ಹೆಚ್ಚು. ಅದು ಮನೆಮನೆ ತಿರುಗಿತು. ತಮ್ಮನ ದೋಣಿಗೆ ಜೊತೆಯಾಳು ಸಿಗದಾಯಿತು. ಅವನು ಒಬ್ಬನೇ ಹಾಯಿ ಏರಿಸುತ್ತಿದ್ದ, ಒಬ್ಬನೇ ಚುಕ್ಕಾಣಿ ಹಿಡಿಯುತ್ತಿದ್ದ, ಒಬ್ಬನೇ ಗಂಜಿ ಬೇಯಿಸಿ ಉಪ್ಪಿನ ಗಡಿಗೆಯನ್ನು ಎದುರಿಗಿಟ್ಟುಕೊಂಡು ಉಪ್ಪು ಹಾಕದೆ ಕುಡಿಯುತ್ತಿದ್ದ.

ಎಂಟನೆಯ ಅಮಾವಾಸ್ಯೆಯ ಹಿಂದಿನ ವಾರ ಅವನು ಮುದುಕಿಯ ಬಳಿಗೆ ಹೋದ. ಮುದುಕಿ ಜಗುಲಿಯಲ್ಲಿ ಕೂತು ಒಣಮೀನಿನ ತಲೆ ಮುರಿಯುತ್ತಿದ್ದಳು.

“ಅಜ್ಜೀ, ಇದೇ ಕೊನೆಯ ಸಲ. ಈ ಸಲವೂ ಗಂಟು ಹಾಗೆಯೇ ಬಂದರೆ ನಾನು ಈ ಕರೆ ಬಿಟ್ಟು ಹೋಗುತ್ತೇನೆ. ಅಣ್ಣನಿಗೆ ಇಷ್ಟು ಹಟ ಯಾಕೆ?”

“ಹಗ್ಗ ಎಳೆಯುವಾಗ ಏನು ನೆನೆಯುತ್ತೀಯೋ ಮಗ?”

“ಖಾಲಿ ಬರಲಿ ದೇವರೇ, ಖಾಲಿ ಬರಲಿ, ಎಂದು.”

“ಇಳಿಸುವಾಗ?”

ತಮ್ಮ ಸ್ವಲ್ಪ ಯೋಚಿಸಿದ. “ಆಗಲೂ ಅದೇ.”

“ಹಾಗಾದರೆ ಉಣ್ಣುವವನನ್ನು ನೆನೆಯುವುದು ಯಾವಾಗ?” ಎಂದು ಮುದುಕಿ ಇನ್ನೊಂದು ಮೀನಿನ ತಲೆ ಮುರಿದಳು.

ತಮ್ಮನಿಗೆ ಸಿಟ್ಟು ಬಂತು. ಏಳು ಸಲ ನಾನೂರು ಮಾರು ಹಗ್ಗ ಎಳೆದು ಅಂಗೈ ಸುಲಿದವನಿಗೆ ಹೇಳುವ ಮಾತೇ ಇದು? ಎದ್ದು ಬಂದ. ಆದರೆ ಮಾತು ಮೀನಿನ ಮುಳ್ಳಿನ ಹಾಗೆ. ನುಂಗಿದೆ ಎಂದುಕೊಂಡ ಮೇಲೂ ಗಂಟಲಲ್ಲಿ ಇರುತ್ತದೆ.

ಅಮಾವಾಸ್ಯೆಯ ದಿನ ಬೆಳಿಗ್ಗೆ ಅವನು ಆ ಜಾಗದಲ್ಲಿದ್ದ. ಅನ್ನ ಮಾಡಿದ್ದ. ಎರಡು ಬಂಗುಡೆ ಸುಟ್ಟಿದ್ದ, ಅಣ್ಣನಿಗೆ ಇಷ್ಟವಾದ ಹಾಗೆ ಬಾಲ ಕರಿಯಾಗುವಷ್ಟು. ಗಂಟು ಕಟ್ಟುವಾಗ ಕೈ ನಿಂತಿತು. ಎಡೆಗೆ ಉಪ್ಪು ಇಡಬಾರದು ಎಂದು ಆ ಕರೆಯ ಪದ್ಧತಿ. ಅವನು ಒಂದು ಚಿಟಿಕೆ ಉಪ್ಪನ್ನು ಬಾಳೆಲೆಯ ಚೂರಿನಲ್ಲಿ ಸುತ್ತಿ ಅನ್ನದ ನಡುವೆ ಇಟ್ಟ. ಪದ್ಧತಿ ಮಾಡಿದವರು ಯಾರೂ ಅವತ್ತಿನ ಸಪ್ಪೆ ಗಂಜಿ ಕುಡಿದವರಲ್ಲ.

ಹಗ್ಗ ಇಳಿಸಿದ. ಇಳಿಸುತ್ತ ಇಳಿಸುತ್ತ, ಖಾಲಿ ಬರಲಿ ಎಂದು ನೆನೆಯಲು ಮರೆತೇಹೋಯಿತು. ಬಂಗುಡೆಯ ಬಾಲವನ್ನು ಅಣ್ಣ ಮೊದಲು ಮುರಿದು ತಿನ್ನುತ್ತಿದ್ದದ್ದು ನೆನಪಾಯಿತು. ತಿಂದು ಬೆರಳು ನೆಕ್ಕುತ್ತಿದ್ದದ್ದು ನೆನಪಾಯಿತು. ತನಗೆ ಈಜು ಕಲಿಸುವಾಗ ಹೊಟ್ಟೆಯ ಕೆಳಗೆ ಕೈಕೊಟ್ಟು, ಬಿಡುವುದಿಲ್ಲ ಬಿಡುವುದಿಲ್ಲ ಎನ್ನುತ್ತಲೇ ಯಾವಾಗಲೋ ಕೈಬಿಟ್ಟದ್ದು ನೆನಪಾಯಿತು. ಹಗ್ಗದ ತುದಿ ಕೈಗೆ ಬಂತು. ದೋಣಿಯ ಗೂಟಕ್ಕೆ ಸುತ್ತಿದ.

ಕವಳ ಹಾಕಲಿಲ್ಲ. ಅವತ್ತು ಕೂತ ಹಾಗೆಯೇ ಚುಕ್ಕಾಣಿಯ ಬಳಿ ಬೆನ್ನು ಮಾಡಿ ಕೂತ. ಗಾಳಿ ಬಿದ್ದಿತ್ತು. ಅವತ್ತಿನ ಕರೆ ಕಿವಿಯಲ್ಲಿ ಹಾಗೆಯೇ ಇತ್ತು. ಎಂಟು ತಿಂಗಳಿಂದ ಅವನು ಅಣ್ಣನನ್ನು ಕರೆದು ಕರೆದು ಉತ್ತರ ಕೇಳಿದ್ದ. ಅಣ್ಣ ಒಂದೇ ಸಲ ಕರೆದಿದ್ದ. ಅದಕ್ಕೆ ಇವನೇ ಇನ್ನೂ ಓಗೊಟ್ಟಿರಲಿಲ್ಲ.

ತಮ್ಮ ತಿರುಗಿದ. ಖಾಲಿ ಜಾಗವನ್ನು ನೋಡಿ, “ಓ ಅಣ್ಣಾ” ಎಂದ.

ಅಷ್ಟೇ. ಉತ್ತರ ಬರಲಿಲ್ಲ, ಬರುವ ಮಾತೂ ಅಲ್ಲ ಅದು. ಕರೆದವನಿಗೆ ಓ ಎಂದ ಮೇಲೆ ಮುಂದಿನ ಮಾತು ಕರೆದವನದು. ಅವನು ಆಡಬಹುದು, ಬಿಡಬಹುದು.

ಆಮೇಲೆ ಅವನು ಗೂಟದಿಂದ ಹಗ್ಗ ಬಿಚ್ಚಿದ. ತುದಿಯನ್ನು ಒಂದು ಗಳಿಗೆ ಅಂಗೈಯಲ್ಲಿ ಇಟ್ಟುಕೊಂಡ. ನಾನೂರು ಮಾರಿನ ಭಾರ ಕೈಯನ್ನು ಎಳೆಯುತ್ತಿತ್ತು. ಬಿಟ್ಟ. ಹಗ್ಗದ ಬಾಲ ನೀರಿನ ಮೇಲೆ ಒಂದು ಸುತ್ತು ಸುತ್ತಿ ಒಳಗೆ ಹೋಯಿತು.

ಕೆಳಗೆ ಹೆಬ್ಬೊಂಡಾಸ ಕೈ ಚಾಚಿತ್ತು. ಬಿಳಿಯ ವಸ್ತು ಈ ಸಲ ಮೇಲೆ ಹೋಗಲಿಲ್ಲ. ಕೈಯೊಳಗೆ ಬಂದು ಕೂತಿತು. ಹೆಬ್ಬೊಂಡಾಸ ಅದನ್ನು ಬಹಳ ಹೊತ್ತು ಸುಮ್ಮನೆ ಹಿಡಿದುಕೊಂಡಿತು. ತನ್ನ ಕೈಗೆ ಬಂದು ಒದ್ದಾಡದಿದ್ದದ್ದು ಅದರ ಜೀವಮಾನದಲ್ಲಿ ಇದೇ ಮೊದಲು. ಆಮೇಲೆ ಗಿಣಿಗಿರುವಂಥ ಕೊಕ್ಕಿನಿಂದ ಬಟ್ಟೆ ಸೀಳಿತು, ಬಂಗುಡೆಯನ್ನು ಚೂರು ಚೂರಾಗಿ ತಿಂದಿತು. ಚೂರು ಮಾಡಲೇಬೇಕು, ಬೇರೆ ದಾರಿಯಿಲ್ಲ. ಆ ಪ್ರಾಣಿಯ ಅನ್ನನಾಳ ಅದರ ಮಿದುಳಿನ ನಡುವೆ ಹಾದುಹೋಗುತ್ತದೆ. ದೊಡ್ಡ ತುತ್ತು ನುಂಗಿದರೆ ತಲೆಗೇ ಪೆಟ್ಟು. ಆದ್ದರಿಂದ ಕೊಟ್ಟದ್ದನ್ನು ಅದರಷ್ಟು ಮೆಲ್ಲಗೆ ಉಣ್ಣುವವರು ಲೋಕದಲ್ಲಿ ಇಲ್ಲ. ಅನ್ನವನ್ನು ಏನು ಮಾಡಿತೋ, ಉಪ್ಪನ್ನು ಏನು ಮಾಡಿತೋ, ನನಗೆ ತಿಳಿಯದು. ಉಂಡದ್ದನ್ನು ಕಂಡವರು ಯಾರೂ ಇಲ್ಲ. ಮೇಲೆ ಹಾಯಿ ಆಗಲೇ ಮೂಡಣಕ್ಕೆ ತಿರುಗಿತ್ತು.

ದಡದಲ್ಲಿ ಮುದುಕಿ ಕಾದಿದ್ದಳು. ಕೇರಿಯವರೂ ಇದ್ದರು.

“ಮುಟ್ಟಿತೇನೋ?”

“ಗೊತ್ತಿಲ್ಲ ಅಜ್ಜಿ.”

“ಗಂಟು ಹೇಗೆ ಬಂತು?”

“ಬರಲಿಲ್ಲ. ಹಗ್ಗ ಬಿಟ್ಟೆ.”

ಮುದುಕಿ ಏನೂ ಅನ್ನಲಿಲ್ಲ. ಉಳಿದವರು ಅವಳ ಪಾಲಿನದನ್ನೂ ಅಂದರು. ಬಾವಿಗೆ ಹಗ್ಗವಿಲ್ಲ, ದನಕ್ಕೆ ಹಗ್ಗವಿಲ್ಲ, ಇವನು ಊರಿನ ಹಗ್ಗವನ್ನೆಲ್ಲ ಮುಳುಗಿಸಿ ಕೈಬೀಸಿಕೊಂಡು ಬಂದಿದ್ದಾನೆ, ಇವನಿಗೆ ಬುದ್ಧಿ ನೆಟ್ಟಗಿದೆಯೇ ಎಂದರು. ತಮ್ಮ ತಲೆತಗ್ಗಿಸಿ ಕೇಳಿದ. ಆ ಮಳೆಗಾಲವಿಡೀ ಜಗುಲಿಯಲ್ಲಿ ಕೂತು ತೆಂಗಿನ ನಾರು ಹೊಸೆದ. ನಾನೂರು ಮಾರು ಹೊಸೆದು, ಯಾರ್ಯಾರದು ಎಷ್ಟೆಷ್ಟೋ ಅಷ್ಟಷ್ಟು ಕತ್ತರಿಸಿ, ಮನೆಮನೆಗೆ ಮುಟ್ಟಿಸಿದ. ತೊಟ್ಟಿಲಿನವಳಿಗೆ ಒಂದು ಮೊಳ ಹೆಚ್ಚೇ ಕೊಟ್ಟ.

ಆಮೇಲೂ ಪ್ರತಿ ಅಮಾವಾಸ್ಯೆಗೆ ಅವನು ಪಡುವಣಕ್ಕೆ ಹೋದ. ಹಗ್ಗ ಒಯ್ಯಲಿಲ್ಲ. ಗಂಟಿಗೆ ಕಲ್ಲು ಕಟ್ಟಿ, ಉಪ್ಪು ಇಟ್ಟು, ಕೈಯಿಂದಲೇ ನೀರಿಗೆ ಬಿಟ್ಟು, ಗಂಜಿಗೆ ಉಪ್ಪು ಹಾಕಿಕೊಂಡು ಕುಡಿದು ಬರುತ್ತಿದ್ದ.

ಗುರುಗಳು ಇಷ್ಟು ಹೇಳಿ ನಿಲ್ಲಿಸಿದರು.

ಮೋನಪ್ಪ ಕಾದ. ಕತೆಗೆ ಇನ್ನೊಂದು ತುಂಡು ಇದೆ ಎಂದೇ ಅವನ ನಂಬಿಕೆ. ಹಲಗೆ ಕೂಡಿಸುವವನಿಗೆ ಸಂದು ಬಿಟ್ಟರೆ ಸಮಾಧಾನವಿಲ್ಲ. ಯಾವತ್ತಾದರೊಂದು ದಿನ ಆ ಹೆಬ್ಬೊಂಡಾಸ ತೇಲಿ ಬರಬೇಕು, ಅದರ ಕೈಯಲ್ಲಿ ಬಿಳಿ ಬಟ್ಟೆಯ ಚೂರಿರಬೇಕು, ತಮ್ಮ ಅದನ್ನು ನೋಡಿ ಅಳಬೇಕು. ಗುರುಗಳು ಹೊಳೆಯ ಕಡೆ ನೋಡುತ್ತಿದ್ದರು. ಅಂಚೆಯವನ ಸೈಕಲ್ಲು ಮಠದ ಮುಂದೆ ನಿಲ್ಲದೆ ಹೋಯಿತು.

“ಕೊನೆಗೆ ಅವನಿಗೆ ತಿಳಿಯಿತೇ ಗುರುಗಳೆ,” ಎಂದ ಮೋನಪ್ಪ, “ಮುಟ್ಟಿತು ಎಂದು?”

ಗುರುಗಳು ಅವನ ತೊಡೆಯ ಮೇಲಿದ್ದ ಜೋಡಿ ಕಾರ್ಡನ್ನು ನೋಡಿದರು.

“ನಿನ್ನ ವಿಳಾಸವಿರುವ ಅರ್ಧವನ್ನು ಹರಿದಿಟ್ಟುಕೋ ಮೋನಪ್ಪ, ಉಳಿದದ್ದನ್ನು ಡಬ್ಬಿಗೆ ಹಾಕು.”

ಮೋನಪ್ಪ ಉತ್ತರ ಕೇಳಿದ ಸಾಲನ್ನು ಹೊಡೆದುಹಾಕಿ, ಕಾರ್ಡನ್ನು ಎರಡಾಗಿ ಹರಿದು, ಡಬ್ಬಿಯ ಕಡೆ ನಡೆದ.